ಪದವಿಚಾರ: ಯಾಮಿಕ ಎಂದರೆ ಯಾರು?

ಪ್ರಶ್ನೆ: ನಮ್ಮೂರಿನ ತಾಳಮದ್ದಳೆಯಲ್ಲಿ ಹನುಮಂತನ ಅರ್ಥ ಹೇಳಿದವರು ‘ಲಂಕೆಯ ಯಾಮಿಕರ ಕಣ್ಣು ತಪ್ಪಿಸಿ ಒಳಹೊಕ್ಕೆ’ ಎಂದರು. ಈ ಶಬ್ದಕ್ಕೂ ಯಮನಿಗೂ ಸಂಬಂಧವಿದೆಯೇ? ತಳವಾರ ಎನ್ನುವಲ್ಲಿ ಇದನ್ನು ಬಳಸಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ಯಾಮಿಕನು ಯಮನ ಕಡೆಯವನಲ್ಲ, ಯಾಮದ ಕಡೆಯವನು. ಏಳೂವರೆ ಗಳಿಗೆಯ, ಅಂದರೆ 3 ಗಂಟೆಯ ಅವಧಿಗೆ ಯಾಮವೆಂದು ಹೆಸರು. ಹಗಲಿಗೆ ನಾಲ್ಕು, ಇರುಳಿಗೆ ನಾಲ್ಕು. ಇದರ ತದ್ಭವವೇ ನಾವು ದಿನವೂ ಆಡುವ ‘ಬೆಳಗಿನ ಜಾವ’ದಲ್ಲಿರುವ ಜಾವ. ಇರುಳನ್ನು ಜಾವಗಳಾಗಿ ಹಂಚಿಕೊಂಡು, ಒಬ್ಬನ ಸರದಿ ಮುಗಿದೊಡನೆ ಇನ್ನೊಬ್ಬನು ಬಂದು ನಿಲ್ಲುವ ಕಾವಲಿನವನು ಯಾಮಿಕ. ರಾತ್ರಿಗೆ ಯಾಮಿನಿ ಎಂಬ ಹೆಸರು ಬಂದದ್ದೂ ಈ ಯಾಮದಿಂದಲೇ. ಅಮರಕೋಶವು ಇದರೊಡನೆ ಹೇಳುವ ‘ತ್ರಿಯಾಮಾ’ ಎಂಬ ಹೆಸರು ಮೊದಲ ನೋಟಕ್ಕೆ ಲೆಕ್ಕ ತಪ್ಪಿದಂತೆ ಕಾಣುತ್ತದೆ. ಆದರೆ ಇರುಳಿನ ಮೊದಲ ಮತ್ತು ಕೊನೆಯ ಅರ್ಧ ಯಾಮಗಳನ್ನು ಹಗಲಿನ ಲೆಕ್ಕಕ್ಕೆ ಬಿಟ್ಟರೆ ಉಳಿಯುವುದು ಮೂರೇ ಎಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ.

ಪಹರೆ ಎಂಬ ಮಾತಿನ ಹುಟ್ಟೂ ಹೀಗೆಯೇ. ಯಾಮಕ್ಕೆ ಪ್ರಹರ ಎಂಬ ಇನ್ನೊಂದು ಹೆಸರಿದ್ದು, ಅದು ಹಿಂದಿ, ಮರಾಠಿಗಳ ಬಾಯಲ್ಲಿ ಸವೆದು, ಕಾಲವನ್ನು ಸೂಚಿಸುವುದನ್ನು ಬಿಟ್ಟು ಕಾವಲನ್ನೇ ಸೂಚಿಸುವ ಪದವಾಗಿ ನಮ್ಮಲ್ಲಿಗೆ ಬಂದಿದೆ. ಗಸ್ತು ಮಾತ್ರ ಬೇರೆ. ಅದು ಸುತ್ತಾಟವೆಂಬ ಅರ್ಥದ ಪಾರಸಿ ಮಾತು. ಆದ್ದರಿಂದಲೇ ಕಾಡು ಸುತ್ತುವ ಅರಣ್ಯ ಇಲಾಖೆಯ ನೌಕರರಿಗೆ ‘ಗಸ್ತು ಅರಣ್ಯ ಪಾಲಕ’ ಎಂಬ ಹುದ್ದೆಯ ಹೆಸರು ಚೆನ್ನಾಗಿ ಒಪ್ಪುತ್ತದೆ.

ನಿಮ್ಮ ಶಿರಸಿ ಸೀಮೆಯಲ್ಲಿ ಗದ್ದೆಯ ಅಂಚಿಗೆ ಮಾಳ, ಅಂದರೆ ಕಾವಲಿನ ಅಟ್ಟಣಿಗೆ ಕಟ್ಟಿ, ಕೆಳಗೆ ಮರದ ಕುಂಟೆಯ ಬೆಂಕಿ ಉರಿಸಿ, ಹಂದಿ ಬಂದ ಸದ್ದಾದೊಡನೆ ಕೂಗು ಹಾಕುತ್ತ ಡಬ್ಬಿ ಬಡಿಯುವವರೂ ರಾತ್ರಿಯ ಕಾವಲಿನವರೇ. ಆದರೂ ಅವರನ್ನು ಯಾಮಿಕರೆನ್ನುವುದು ಸರಿಯೆಂದು ನನಗೆ ತೋರುವುದಿಲ್ಲ, ಏಕೆಂದರೆ ಅಲ್ಲಿ ಸರದಿಯಿಲ್ಲ. ಮಾಳ ಹತ್ತಿದವನೇ ಬೆಳಗಿನವರೆಗೂ ಎಚ್ಚರಿರಬೇಕು. ‘ಮಾಳ ಕಾಯುವವ’ ಎಂಬ ಸೊಗಸಾದ ಮಾತು ಊರಿನಲ್ಲೇ ಇರುವಾಗ ಸಂಸ್ಕೃತದಿಂದ ಇನ್ನೊಂದನ್ನು ತರುವ ಅಗತ್ಯವೂ ಇಲ್ಲ.

ತಳವಾರನ ವಿಷಯ ಇನ್ನೂ ಬೇರೆ. ಶಾಸನಗಳಲ್ಲಿ ತಳಾರ ಎಂದು ಕಾಣುವ ಈ ಪದ, ತೆಲುಗಿನ ತಲಾರಿ, ತಮಿಳಿನ ತಲೈಯಾರಿಗಳ ಬಳಗದ್ದು. ಅದು ಹೊತ್ತನ್ನಲ್ಲ, ಊರಿನ ಅಧಿಕಾರವೊಂದನ್ನು ಹೇಳುತ್ತದೆ. ಕಳ್ಳರ ಜಾಡು ಹಿಡಿಯುವುದು, ಊರಿನ ಎಲ್ಲೆ ತೋರಿಸುವುದು, ಓಲೆ ಮುಟ್ಟಿಸುವುದು ಮುಂತಾದ ಹಗಲಿನ ಕೆಲಸಗಳೂ ತಳವಾರನ ಪಾಲಿಗಿದ್ದವು. ವಂಶಪಾರಂಪರ್ಯವಾಗಿ ಬಂದಿದ್ದ ಇಂತಹ ಗ್ರಾಮಾಧಿಕಾರಗಳನ್ನು 1961ರ ಕಾಯಿದೆ ರದ್ದುಪಡಿಸಿತು. ಆದ್ದರಿಂದ ಒಂದರ ಬದಲಿಗೆ ಇನ್ನೊಂದನ್ನು ಇಡಲಾಗದು.

ತಾಳಮದ್ದಳೆಯಲ್ಲಿ ನೀವು ಕೇಳಿದ ಪ್ರಯೋಗ ಸಮರ್ಪಕವಾಗಿದೆ; ಹನುಮಂತನು ಲಂಕೆಯನ್ನು ಹೊಕ್ಕದ್ದು ಇರುಳಿನಲ್ಲಿ. ಹಗಲಿನ ಒಡ್ಡೋಲಗದ ಬಾಗಿಲಲ್ಲಿ ನಿಂತವರಿಗಾದರೆ ದ್ವಾರಪಾಲಕರೆಂದೇ ಹೇಳಬೇಕು.