ಕೂಸಿಗೆ ವಾಂತಿ: ಮೊದಲು ಏನು ನೋಡಬೇಕು, ಹ್ಯಾಂಗ ಕುಡಿಸಬೇಕು

ಅಣ್ಣಾರೆ, ತೊಗರಿ ಬೆಳಿಯೋರ ಈ ಗುಂಪಿನ್ಯಾಗ ಕೂಸಿನ ಮಾತು ಕೇಳಿದ್ದಕ್ಕ ಯಾರೂ ಬ್ಯಾಸರ ಮಾಡ್ಕೊಳ್ಳಲ್ಲ. ಒಂದೂವರಿ ವರ್ಷದ ಮಗಳು ರಾತ್ರಿಯಿಂದ ನಾಲ್ಕು ಸಲ ವಾಂತಿ ಮಾಡ್ಯಾಳ, ನೀರು ಕುಡಿಸಿದ್ರೂ ಹೊರಗ ಬರ್ತದ, ಶಹಾಪುರ ದವಾಖಾನಿ ದೂರ ಅದ ಅಂತ ಬರ್ದೀರಿ. ನಾ ಆರೋಗ್ಯ ಉಪಕೇಂದ್ರದಾಗ ಸಿಸ್ಟರ್ ಇದ್ದೀನಿ, ಮನ್ಯಾಗ ಹೊಲಾನೂ ಅದ. ಅದಕ್ಕ ಮೊದಲು ಹೊಲದ ಪ್ರಶ್ನಿನೇ ಕೇಳ್ತೀನಿ.

ಈಗ ತೊಗರಿಗೆ ಎಣ್ಣಿ (ಕೀಟನಾಶಕ) ಹೊಡಿಯೋ ಹಂಗಾಮ. ಡಬ್ಬಿ, ಅಳತಿ ಮುಚ್ಚಳ, ಹೊಡದು ಬಂದು ಬಿಚ್ಚಿಟ್ಟ ಅಂಗಿ ಕೂಸಿನ ಕೈಗೆ ಸಿಕ್ಕಿತ್ತೇನು? ಉಳಿದ ಎಣ್ಣಿ ಕೂಲ್‌ಡ್ರಿಂಕ್ ಬಾಟಲಿಗೆ ಹಾಕಿ ಇಡೋರು ನಮ್ಮಾಗ ಇನ್ನೂ ಅದಾರ. ವಾಂತಿ ಜೋಡಿ ಜೊಲ್ಲು ಸುರಿಯೋದು, ಮೈಯೆಲ್ಲಾ ಬೆವರೋದು, ಕಣ್ಣಾಗಿನ ಕರೇ ಬೊಟ್ಟು ಸಾಸಿವಿ ಕಾಳಿನಷ್ಟು ಸಣ್ಣ ಆಗೋದು, ಉಸಿರು ಗೊರಗೊರ ಅನ್ನೋದು ಕಂಡ್ರ ಅದು ಎಣ್ಣಿ ವಿಷ ಇರಬಹುದು. ತಡ ಮಾಡದ 108ಕ್ಕ ಫೋನ್ ಮಾಡ್ರಿ. ವಾಂತಿ ಮಾಡಿಸಾಕ ಅಂತ ಗಂಟಲಾಗ ಬೆರಳು ಹಾಕೋದು, ಉಪ್ಪುನೀರು ಕುಡಿಸೋದು ಬ್ಯಾಡ. ಬಟ್ಟಿ ತೆಗದು ಮೈ ಸಾಬೂನು ನೀರಿನಿಂದ ತೊಳೀರಿ, ಡಬ್ಬಿ ಜೋಡಿ ತಗೊಂಡು ಹೋಗ್ರಿ. ಚೇಳು ಕಡದ್ರೂ ಕೂಸುಗಳು ವಾಂತಿ ಮಾಡ್ತಾವ, ಬೆವರ್ತಾವ, ಕೈಕಾಲು ತಣ್ಣಗಾಗ್ತಾವ. ನೆಲದ ಮ್ಯಾಲ ಮಲಗಿದ್ದಾಗ ಕಟ್ಟುಹಾವು ಕಡದ್ರ ಗಾಯ ಕಾಣೋದೇ ಅಪರೂಪ. ಹೊಟ್ಟಿನೋವು, ವಾಂತಿ ಶುರುವಾಗಿ ಆಮ್ಯಾಲ ಕಣ್ಣಿನ ರೆಪ್ಪಿ ಜೋಲ್ತಾವ. ಮೈಯೆಲ್ಲಾ ಒಮ್ಮೆ ಬೆಳಕಿಗೆ ಹಿಡದು ನೋಡ್ರಿ. ಆದ್ರ ಗುರುತು ಕಾಣಲಿಲ್ಲ ಅಂತ ಸುಮ್ಮನ ಕೂಡಬ್ಯಾಡ್ರಿ, ರೆಪ್ಪಿ ಜೋತ್ರ ದವಾಖಾನಿನೇ.

ಇವು ಯಾವೂ ಇಲ್ಲಾಂದ್ರ ಬಹಳ ಮಾಡಿ ಹೊಟ್ಟಿ ಸೋಂಕು. ಇಲ್ಲಿ ಔಷಧಕ್ಕಿಂತ ಕುಡಿಸೋ ರೀತಿನೇ ಮುಖ್ಯ. ನೀರಡಿಸ್ಯಾಳ ಅಂತ ಲೋಟದಲೆ ಕುಡಿಸಿದ್ರ ಕೆರಳಿದ ಹೊಟ್ಟಿ ಅಷ್ಟೂ ಹೊರಗ ಹಾಕ್ತದ. ವಾಂತಿ ಆದ ಮ್ಯಾಲ 10 ನಿಮಿಷ ಬಿಡ್ರಿ. ಆಮ್ಯಾಲ ಎರಡು ನಿಮಿಷಕ್ಕ ಒಂದು ಚಮಚ ಓಆರ್‌ಎಸ್ (ಉಪ್ಪು-ಸಕ್ಕರಿ ಪುಡಿ ಕಲಸಿದ ನೀರು). ಚಮಚಕ್ಕ 5 ಎಂ.ಎಲ್. ಹಿಡದ್ರೂ ತಾಸಿಗೆ 150 ಎಂ.ಎಲ್. ಒಳಗ ಹೋಗ್ತದ. ಕೂಸು ಅತ್ತು ಲೋಟ ಎಳಕೊಂಡ್ರೂ ಕೊಡಬ್ಯಾಡ್ರಿ. ಕಷ್ಟದ ಕೆಲಸ ಇದೇ. ವೈನಿ ಎದಿಹಾಲು ಕುಡಿಸ್ತಿದ್ರ ನಿಲ್ಲಿಸೋದು ಬ್ಯಾಡ, ಸ್ವಲ್ಪ ಸ್ವಲ್ಪ, ಮ್ಯಾಲಿಂದ ಮ್ಯಾಲ.

ಓಆರ್‌ಎಸ್ ದೊಡ್ಡ ಪ್ಯಾಕೆಟ್ 1 ಲೀಟರ್ ನೀರಿಗೆ, ಸಣ್ಣದು 200 ಎಂ.ಎಲ್.ಗೆ. ಪ್ಯಾಕೆಟ್ ಮ್ಯಾಲ ಬರದದ್ದು ಓದಿ, ಪೂರಾ ಒಂದೇ ಸಲ ಕಲಸ್ರಿ. ಅರ್ಧ ಪುಡಿ ಅಂದಾಜಿನ ಮ್ಯಾಲ ಹಾಕಬ್ಯಾಡ್ರಿ, ಉಪ್ಪು ಹೆಚ್ಚಾದ್ರ ಕೂಸಿಗೆ ಅಪಾಯ. ನೀರು ಕಾಸಿ ಆರಿಸಿದ್ದು ಇರಲಿ, ಕಲಸಿದ್ದು 24 ತಾಸಿನ ಮ್ಯಾಲ ಚೆಲ್ಲಬೇಕು. ಆಶಾ ಅಕ್ಕನ ಹತ್ರ ಪುಕ್ಕಟೆ ಸಿಗ್ತದ. ಅಂಗಡಿಯ ಸಿಹಿ ಜ್ಯೂಸ್ ಪ್ಯಾಕ್ ಓಆರ್‌ಎಸ್ ಅಲ್ಲ. ಅಂಥವಕ್ಕ ಆ ಹೆಸರು ಹಚ್ಚಬಾರದು ಅಂತ 2025ರ ಅಕ್ಟೋಬರ್‌ದಾಗ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಆದೇಶನೇ ಮಾಡ್ಯದ. ಗ್ಲುಕೋಸ್ ಪುಡಿ, ಸೋಡಾನೂ ಬ್ಯಾಡ.

ಮೂರ್ನಾಲ್ಕು ತಾಸು ವಾಂತಿ ನಿಂತ್ರ ಮೆತ್ತನ್ನ ಅನ್ನ, ಬ್ಯಾಳಿ ಕಟ್ಟು, ಬಾಳಿಹಣ್ಣು ಕೊಡ್ರಿ. ಉಪವಾಸ ಕೆಡವಬ್ಯಾಡ್ರಿ. ಭೇದಿ ಶುರುವಾದ್ರ ಪ್ರತಿ ಸಲಕ್ಕ 50ರಿಂದ 100 ಎಂ.ಎಲ್. ಓಆರ್‌ಎಸ್ ಹೆಚ್ಚಿಗಿ ಕುಡಿಸ್ರಿ. ಸತುವಿನ (ಜಿಂಕ್) ಗುಳಿಗಿ ದಿನಕ್ಕ 20 ಮಿ.ಗ್ರಾಂ., 14 ದಿನ, ಭೇದಿ ಇದ್ದವರಿಗೆ ಅಷ್ಟೇ. ಬರೇ ವಾಂತಿಗೆ ಅದು ಬ್ಯಾಡ, ಅದ್ರಿಂದಾನೇ ಕೆಲವು ಕೂಸು ಕಾರ್ತಾವ. ವಾಂತಿ ನಿಲ್ಲೋ ಸಿರಪ್ ಮೆಡಿಕಲ್ ಅಂಗಡಿಯವ್ರು ಕೈಗಿಟ್ರೂ ಡಾಕ್ಟರ್ ಕೇಳದ ಹಾಕಬ್ಯಾಡ್ರಿ. ದೃಷ್ಟಿ ತಗೀತೀನಿ ಅಂತ ಆಯಿ ಅಂದ್ರ ತಗೀಲಿ, ಹೊಟ್ಟಿ ಮ್ಯಾಲ ಸುಟ್ಟ ಬರಿ ಮಾತ್ರ ಹಾಕಿಸಗೊಡಬ್ಯಾಡ್ರಿ.

ಹಸಿರು ವಾಂತಿ, ರಕ್ತ, ಹೊಟ್ಟಿ ಉಬ್ಬಿ ಗಟ್ಟಿ ಆಗೋದು, ಬಿದ್ದು ತಲಿಗೆ ಪೆಟ್ಟಾದ ಮ್ಯಾಲಿನ ವಾಂತಿ, ಚಮಚದ ನೀರೂ ನಿಲ್ಲದಿರೋದು, ಅತ್ರ ಕಣ್ಣೀರು ಬರದಿರೋದು, ಕಣ್ಣು ಒಳಗ ಹೋಗೋದು, ಎಬ್ಬಿಸಿದ್ರೂ ಜೋತು ಬೀಳೋದು, ಇದ್ರಾಗ ಒಂದು ಕಂಡ್ರೂ ಮನ್ಯಾಗ ಇಟ್ಕೊಬ್ಯಾಡ್ರಿ. ಹೊಟ್ಟಿ ಚರ್ಮ ಚಿವುಟಿ ಬಿಡ್ರಿ, ಮಡಚಿದ್ದು ಹಂಗೇ ನಿಂತ್ರ ನೀರು ಬಹಳ ಕಡಿಮಿ ಆಗ್ಯದ. ಹೋಗೋವಾಗ ದಾರ್‍ಯಾಗೂ ಚಮಚ ನಡೀಲಿ, ಎಚ್ಚರ ಇದ್ರ ಮಾತ್ರ. ಮಲಗಿಸಿದ್ರ ಮಗ್ಗಲಕ್ಕ ಮಲಗಿಸ್ರಿ.

ನೀವು ಒಂದು ಬರದಿಲ್ಲ: ಕೊನಿ ಸಲ ಉಚ್ಚಿ ಯಾವಾಗ ಮಾಡ್ಯಾಳ? 6 ತಾಸು ದಾಟಿದ್ರ ನನ್ನ ಉತ್ತರಕ್ಕ ಕಾಯದ ಗಾಡಿ ತೆಗೀರಿ. ಇಲ್ಲಾಂದ್ರ ಹೊತ್ತು ಇಲ್ಲೇ ಬರೀರಿ, ನಾ ನೋಡ್ತಿರ್ತೀನಿ. ತೊಗರಿ ಹೂ ಉದುರೋ ಮಾತು ಆಮ್ಯಾಲ.