ಓದುಗರ ಪ್ರಶ್ನೆ: 'ಗೆಟ್' ಮತ್ತು ನಮ್ಮ 'ಮಾಡಿಸು'

ಪ್ರಶ್ನೆ: ಡಿಕ್ಷನರಿಯಲ್ಲಿ 'ಗೆಟ್' ತೆಗೆದರೆ ಪಡೆ, ಸಿಗು, ಆಗು, ತಲುಪು, ತರು ಎಂದು ಉದ್ದಕ್ಕೂ ಅರ್ಥಗಳಿವೆ. ಎಲ್ಲವನ್ನೂ ಬಾಯಿಪಾಠ ಮಾಡಬೇಕೇ ಸರ್?
(ಪಿಯುಸಿ ವಿದ್ಯಾರ್ಥಿನಿ, ಹೊಸನಗರ)

ಉತ್ತರ: ಬೇಡಮ್ಮ. ಬಾಯಿಪಾಠ ಮಾಡಿದ ಪಟ್ಟಿ ಮಾತಾಡುವ ಹೊತ್ತಿಗೆ ನೆರವಿಗೆ ಬರುವುದಿಲ್ಲ. 'ಗೆಟ್' ಆದ ಮೇಲೆ ಏನು ಬಂದಿದೆ ಎಂದು ನೋಡಿ, ಅರ್ಥ ಅಲ್ಲಿಯೇ ಗೊತ್ತಾಗುತ್ತದೆ.

ನಾಮಪದ ಬಂದರೆ 'ಸಿಗು' ಅಥವಾ 'ಬರು'. 'ಶಿ ಗಾಟ್ ಎ ಸೀಟ್' ಎಂದರೆ ಅವಳಿಗೆ ಸೀಟು ಸಿಕ್ಕಿತು. ಕನ್ನಡದಲ್ಲಿ ಸೀಟು ಕರ್ತೃ, ಇಂಗ್ಲಿಷಿನಲ್ಲಿ ಅವಳು ಕರ್ತೃ. ಹಾಗಾಗಿ 'ನನಗೆ', 'ಅವಳಿಗೆ' ಎಂದು ಕನ್ನಡದಲ್ಲಿ ಹೊಳೆದ ಕೂಡಲೇ ಆ ವ್ಯಕ್ತಿಯನ್ನೇ ಇಂಗ್ಲಿಷ್ ವಾಕ್ಯದ ಮೊದಲಿಗೆ ತನ್ನಿ. ವ್ಯಕ್ತಿಯೂ ವಸ್ತುವೂ ಒಟ್ಟಿಗೆ ಬಂದರೆ 'ತಂದುಕೊಡು': 'ಕುಡ್ ಯು ಗೆಟ್ ಮಿ ಸಮ್ ವಾಟರ್?' ಊರಿನ ಹೆಸರು ಬಂದರೆ 'ತಲುಪು', ಆಗ ನಡುವೆ 'ಟು' ಇರಲೇಬೇಕು: 'ವೆನ್ ಡಸ್ ದಿಸ್ ಟ್ರೇನ್ ಗೆಟ್ ಟು ತಾಳಗುಪ್ಪ?' ಹೋಮ್, ಹಿಯರ್, ದೇರ್ ಬಂದಾಗ ಮಾತ್ರ 'ಟು' ಬೇಡ. 'ಐ ಗಾಟ್ ಟು ಹೋಮ್' ತಪ್ಪು, 'ಐ ಗಾಟ್ ಹೋಮ್' ಸರಿ.

ಗುಣವಾಚಕ ಬಂದರೆ 'ಆಗು'. ನಮ್ಮ ಕಡೆಯವರು ಹೆಚ್ಚು ಎಡವುವುದು ಇಲ್ಲಿ. ನಿದ್ದೆ, ಹಸಿವು, ಕೋಪ ಇವೆಲ್ಲ ಕನ್ನಡದಲ್ಲಿ ನಾಮಪದಗಳು; ಬರುತ್ತವೆ, ಆಗುತ್ತವೆ. ಅದೇ ಅಚ್ಚಿನಲ್ಲಿ 'ಐ ಆಮ್ ಗೆಟಿಂಗ್ ಸ್ಲೀಪ್', 'ಐ ಗಾಟ್ ಆಂಗರ್' ಎಂದು ಹೇಳಿಬಿಡುತ್ತೇವೆ. ಇಂಗ್ಲಿಷಿಗೆ ಇಲ್ಲಿ ಗುಣವಾಚಕವೇ ಆಗಬೇಕು: ಗೆಟಿಂಗ್ ಸ್ಲೀಪಿ, ಗೆಟಿಂಗ್ ಹಂಗ್ರಿ, ಗಾಟ್ ಆಂಗ್ರಿ. ಒಂದೇ ಒಂದು 'ಎ' ಎಷ್ಟು ವ್ಯತ್ಯಾಸ ಮಾಡುತ್ತದೆ ನೋಡಿ. ಮಳೆಯಲ್ಲಿ ನೆನೆದು 'ಐ ಗಾಟ್ ಕೋಲ್ಡ್' ಎಂದರೆ ಚಳಿಯಾಯಿತು, 'ಐ ಗಾಟ್ ಎ ಕೋಲ್ಡ್' ಎಂದರೆ ನೆಗಡಿ ಹಿಡಿಯಿತು.

'ವಿ ವರ್ ವೆಟ್' ಎಂದರೆ ಒದ್ದೆಯಾಗಿದ್ದೆವು, 'ವಿ ಗಾಟ್ ವೆಟ್' ಎಂದರೆ ಒದ್ದೆಯಾದೆವು. ಮೊದಲನೆಯದು ಇದ್ದ ಸ್ಥಿತಿ, ಎರಡನೆಯದು ಬದಲಾವಣೆ. ಆದರೆ 'ಆಗು' ಇರುವಲ್ಲೆಲ್ಲ 'ಗೆಟ್' ಹಾಕಲು ಹೋಗಬೇಡಿ. ಅವಳು ಡಾಕ್ಟರಾದಳು ಎನ್ನಲು 'ಶಿ ಗಾಟ್ ಎ ಡಾಕ್ಟರ್' ಎಂದರೆ ಅವಳಿಗೆ ಡಾಕ್ಟರು ಸಿಕ್ಕರು, ಅಥವಾ ಅವಳು ಡಾಕ್ಟರನ್ನು ಕರೆತಂದಳು ಎಂದಾಗುತ್ತದೆ. ವೃತ್ತಿ, ಪದವಿಗಳ ಮಾತು ಬಂದಾಗ 'ಬಿಕೇಮ್' ಬಳಸಿ.

ಪ್ರಶ್ನೆ: ಮಳೆಗಾಲಕ್ಕೆ ಮುಂಚೆ ಅಡಿಕೆ ತೋಟಕ್ಕೆ ಬೋರ್ಡೋ (ಕೊಳೆರೋಗ ತಡೆಯುವ ಔಷಧಿ) ಹೊಡೆಸುತ್ತೇವೆ. ಹೋಂಸ್ಟೇ ಅತಿಥಿಗಳಿಗೆ ಇದನ್ನು ಹೇಳಲು ಹೋದರೆ 'ಐ ಸ್ಪ್ರೇಡ್' ಎಂದೇ ಬಾಯಿಗೆ ಬರುತ್ತದೆ. ಮರ ಹತ್ತಿ ಹೊಡೆದವರು ಬೇರೆಯವರು. 'ಹೊಡೆಸಿದೆ' ಎನ್ನುವುದು ಹೇಗೆ?
(ಬೆಳೆಗಾರರು, ತೀರ್ಥಹಳ್ಳಿ)

ಉತ್ತರ: 'ಗೆಟ್' ಕಲಿಯುವವರು ಕೇಳಲೇಬೇಕಾದ ಪ್ರಶ್ನೆ ಇದು. ಕನ್ನಡದಲ್ಲಿ ಧಾತುವಿಗೆ 'ಇಸು' ಸೇರಿಸಿದರೆ ಕೆಲಸ ಮುಗಿಯಿತು: ಹೊಡೆಸು, ಕೊಯ್ಯಿಸು, ಮಾಡಿಸು. ಇಂಗ್ಲಿಷ್ ಕ್ರಿಯಾಪದಕ್ಕೆ ಅಂಥ ಪ್ರತ್ಯಯವಿಲ್ಲ. ಅದು ಪದಗಳನ್ನು ಜೋಡಿಸುವ ಕ್ರಮದಿಂದ ಈ ಅರ್ಥ ತರುತ್ತದೆ. ಮೊದಲು 'ಗೆಟ್', ಆಮೇಲೆ ವಸ್ತು, ಕೊನೆಗೆ ಕ್ರಿಯಾಪದದ ಮೂರನೇ ರೂಪ.

'ಐ ಗಾಟ್ ದ ಗಾರ್ಡನ್ ಸ್ಪ್ರೇಡ್': ತೋಟಕ್ಕೆ ಔಷಧಿ ಹೊಡೆಸಿದೆ. 'ವಿ ಗಾಟ್ ದ ರೂಫ್ ರಿಪೇರ್ಡ್': ಹೆಂಚು ಸರಿಮಾಡಿಸಿದೆವು. 'ವಿ ಆರ್ ಗೆಟಿಂಗ್ ದ ಅರೇಕನಟ್ ಹಾರ್ವೆಸ್ಟೆಡ್ ನೆಕ್ಸ್ಟ್ ವೀಕ್': ಮುಂದಿನ ವಾರ ಅಡಿಕೆ ಕೊನೆ (ಗೊನೆ) ತೆಗೆಸುತ್ತೇವೆ. ಕಾಲ ಬದಲಾದಾಗ ಬದಲಾಗುವುದು 'ಗೆಟ್' ಮಾತ್ರ. ಕೊನೆಯ ಮೂರನೇ ರೂಪ ಹಾಗೇ ಉಳಿಯುತ್ತದೆ. ಪ್ರಶ್ನೆಗೂ ನಿಷೇಧಕ್ಕೂ 'ಡಿಡ್' ಬಂದರೆ 'ಗಾಟ್' ಮತ್ತೆ 'ಗೆಟ್' ಆಗುತ್ತದೆ: 'ವೇರ್ ಡಿಡ್ ಯು ಗೆಟ್ ಇಟ್ ರಿಪೇರ್ಡ್?', 'ಐ ಡಿಡ್ನ್ಟ್ ಗೆಟ್ ಇಟ್ ರಿಪೇರ್ಡ್'.

ತಪ್ಪುವುದು ಸಾಮಾನ್ಯವಾಗಿ ಪದಗಳ ಕ್ರಮದಲ್ಲಿ. 'ಐ ಗಾಟ್ ರಿಪೇರ್ಡ್ ದ ರೂಫ್' ಎಂದು ವಸ್ತುವನ್ನು ಕೊನೆಗೆ ತಳ್ಳಿದರೆ ವಾಕ್ಯ ಕೆಡುತ್ತದೆ. ಇನ್ನು 'ಗೆಟ್' ಅನ್ನೇ ಬಿಟ್ಟು 'ಐ ಕಟ್ ಮೈ ಹೇರ್' ಎಂದರೆ ಕನ್ನಡಿ ಮುಂದೆ ನಿಂತು ನೀವೇ ಕತ್ತರಿ ಹಿಡಿದಿರಿ ಎಂದು ಕೇಳುವವರು ತಿಳಿಯುತ್ತಾರೆ. ಕಟಿಂಗ್ ಮಾಡಿಸಿಕೊಂಡಿದ್ದರೆ 'ಐ ಗಾಟ್ ಮೈ ಹೇರ್ ಕಟ್' ಎನ್ನಿ. 'ಕಟ್' ಮೂರೂ ರೂಪಗಳಲ್ಲಿ ಒಂದೇ ಆದ್ದರಿಂದ ಇಲ್ಲಿ ಕ್ರಮವೊಂದೇ ಅರ್ಥವನ್ನು ಕಾಯುತ್ತದೆ.

ಯಾರಿಂದ ಮಾಡಿಸಿದಿರಿ ಎಂದು ಹೇಳಬೇಕಿದ್ದರೆ ಜೋಡಣೆ ಬೇರೆ: 'ಗೆಟ್', ವ್ಯಕ್ತಿ, 'ಟು', ಕ್ರಿಯಾಪದದ ಮೊದಲ ರೂಪ. 'ಐ ಗಾಟ್ ಮೈ ಬ್ರದರ್ ಟು ಚೆಕ್ ದ ಪಂಪ್.' ತಮ್ಮನನ್ನು ಒಪ್ಪಿಸಿಯೋ ಕೇಳಿಕೊಂಡೋ ಪಂಪು ನೋಡಿಸಿದೆ ಎಂಬ ಧ್ವನಿ ಇದಕ್ಕಿದೆ. ಅದೇ ಜಾಗದಲ್ಲಿ 'ಮೇಡ್' ಬಳಸಿದರೆ ಬಲವಂತದ ಧ್ವನಿ ಬರುತ್ತದೆ, 'ಟು' ಬಿಟ್ಟುಹೋಗುತ್ತದೆ: 'ಐ ಮೇಡ್ ಹಿಮ್ ಚೆಕ್ ದ ಪಂಪ್'. ಕೂಲಿ ಕೊಟ್ಟು ಕರೆಸಿದವರ ಬಗ್ಗೆ ಹೇಳುವಾಗ 'ಮೇಡ್' ಬೇಡ, ಕಿವಿಗೆ ಒರಟಾಗಿ ಕೇಳುತ್ತದೆ.

ವಸ್ತುವನ್ನು ನಡುವೆ ಇಡುವ ಮೊದಲ ಜೋಡಣೆ ಅವಘಡಕ್ಕೂ ಬಳಕೆಯಲ್ಲಿದೆ. 'ಐ ಗಾಟ್ ಮೈ ಫಿಂಗರ್ ಕಾಟ್ ಇನ್ ದ ಡೋರ್' ಎಂದರೆ ಬೆರಳು ಬಾಗಿಲಿಗೆ ಸಿಕ್ಕಿತು. ಬೇಕೆಂದೇ ಸಿಕ್ಕಿಸಿಕೊಂಡೆ ಎಂದು ಯಾರೂ ಅರ್ಥಮಾಡಿಕೊಳ್ಳುವುದಿಲ್ಲ. ವಸ್ತುವಿಲ್ಲದೆ ಮೂರನೇ ರೂಪವೊಂದೇ ಬಂದರೆ ಕರ್ತೃವಿಗೇ ಆದದ್ದು: 'ಐ ಗಾಟ್ ಬಿಟನ್ ಬೈ ಎ ಲೀಚ್', ಇಂಬಳ (ಜಿಗಣೆ) ಕಚ್ಚಿತು.

ಪ್ರಶ್ನೆ: ಬಸ್ಸಿನಿಂದ ಇಳಿಯುವುದಕ್ಕೆ 'ಗೆಟ್ ಡೌನ್' ಎನ್ನಬಾರದಂತೆ, ಹೌದೇ?
(ಓದುಗರು, ಭದ್ರಾವತಿ)

ಉತ್ತರ: ನಮ್ಮ ದೇಶದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಇಂಗ್ಲೆಂಡ್, ಅಮೆರಿಕದವರು ಬಸ್ಸಿಗೆ 'ಗೆಟ್ ಆಫ್' ಎನ್ನುತ್ತಾರೆ. ಮರದಿಂದ, ಏಣಿಯಿಂದ ಇಳಿದರೆ 'ಗೆಟ್ ಡೌನ್'. ಬಸ್ಸು, ರೈಲು, ವಿಮಾನದಂತೆ ಒಳಗೆ ನಿಂತು ಓಡಾಡಬಹುದಾದ ವಾಹನಗಳಿಗೂ ಬೈಕು, ಸೈಕಲ್ಲಿಗೂ 'ಗೆಟ್ ಆನ್', 'ಗೆಟ್ ಆಫ್'. ಬಗ್ಗಿ ಕೂರುವ ಕಾರಿಗೆ 'ಗೆಟ್ ಇನ್', 'ಗೆಟ್ ಔಟ್'. ದಾರಿ ಕೇಳುವಾಗ: 'ವೇರ್ ಶುಡ್ ಐ ಗೆಟ್ ಆಫ್ ಫಾರ್ ಜೋಗ್ ಫಾಲ್ಸ್?'

ಪ್ರಶ್ನೆ: 'ಗಾಟನ್' ಸರಿಯೋ ತಪ್ಪೋ? ಮಕ್ಕಳು ವಿಡಿಯೋಗಳಲ್ಲಿ ಕೇಳಿ ಬರೆಯುತ್ತಾರೆ.
(ಶಿಕ್ಷಕಿ, ಸಾಗರ)

ಉತ್ತರ: ತಪ್ಪಲ್ಲ ಮೇಡಂ, 'ಗೆಟ್'ನ ಮೂರನೇ ರೂಪವಾಗಿ ಅದು ಅಮೆರಿಕದ ಬಳಕೆ. ಹಳೆಯ ಇಂಗ್ಲಿಷ್ ರೂಪವೊಂದು ಅಲ್ಲಿ ಉಳಿದುಕೊಂಡಿದೆ. ಬ್ರಿಟನ್ನಿನಲ್ಲಿ ಅದು ಹಿಂದೆ ಸರಿದು 'ಗಾಟ್' ನಿಂತಿತು. 'ಫರ್ಗಾಟನ್' ಮಾತ್ರ ಎರಡೂ ಕಡೆ ಇದೆ. ಅಮೆರಿಕದಲ್ಲಿ 'ಹ್ಯಾವ್ ಗಾಟ್' ಎಂದರೆ ನನ್ನ ಬಳಿ ಇದೆ, 'ಹ್ಯಾವ್ ಗಾಟನ್' ಎಂದರೆ ಸಿಕ್ಕಿದೆ ಅಥವಾ ಆಗಿದೆ. ನಮ್ಮ ಪಠ್ಯಗಳು ಬ್ರಿಟಿಷ್ ರೂಢಿಯವು, ಪರೀಕ್ಷೆಯಲ್ಲಿ 'ಗಾಟ್' ಬರೆಯಿಸಿ.

ಪ್ರಶ್ನೆ: ಕೆಲಸದ ಅರ್ಜಿಯಲ್ಲಿ, ಸಂದರ್ಶನದಲ್ಲಿ 'ಗೆಟ್' ಬಳಸಬಹುದೇ?
(ಪದವೀಧರ, ಶಿವಮೊಗ್ಗ)

ಉತ್ತರ: ಬಾಯಿಮಾತಿಗೆ ಧಾರಾಳವಾಗಿ ಬಳಸಿ. ಅರ್ಜಿಯಲ್ಲಿ ಮಾತ್ರ ಪತ್ರ ತಲುಪಿದ್ದಕ್ಕೆ 'ರಿಸೀವ್ಡ್', ಪದವಿ ಪಡೆದದ್ದಕ್ಕೆ 'ಆಬ್ಟೇನ್ಡ್' ಎಂದು ಬರೆಯಿರಿ. ಹಾಗೆಂದು ಎಲ್ಲ ಕಡೆ 'ಗೆಟ್' ಅಳಿಸಲು ಹೋಗಿ 'ಐ ರಿಸೀವ್ಡ್ ಫೀವರ್' ಎಂದು ರಜಾ ಚೀಟಿ ಬರೆಯುವಂತಾಗಬಾರದು. ಅಲ್ಲಿ 'ಐ ಹ್ಯಾವ್ ಎ ಫೀವರ್' ಸಾಕು. ಸಂದರ್ಶನದಲ್ಲಿ ಪ್ರಶ್ನೆ ಸರಿಯಾಗಿ ಕೇಳಿಸದಿದ್ದರೆ 'ಐ ಡಿಡ್ನ್ಟ್ ಗೆಟ್ ಯು' ಎನ್ನುವ ಅಭ್ಯಾಸ ಬಿಡಿ. 'ಸಾರಿ, ಐ ಡಿಡ್ನ್ಟ್ ಕ್ಯಾಚ್ ದ್ಯಾಟ್. ಕುಡ್ ಯು ರಿಪೀಟ್ ಇಟ್, ಪ್ಲೀಸ್?' ಎನ್ನಿ.