ತುಮಕೂರಿನಿಂದ ಕಡಿಮೆ ಖರ್ಚಿನಲ್ಲಿ ಗೋವಾಕ್ಕೆ ಹೋಗಿ, ಬೀಚ್ ಜೊತೆ ಅಲ್ಲಿನ ಜನಜೀವನವನ್ನೂ ನೋಡಬೇಕು. ಹೇಗೆ?

ಪ್ಯಾಕೇಜ್ ಟೂರ್ ಬೇಡವೇ ಬೇಡ. ಯಶವಂತಪುರ–ವಾಸ್ಕೋ ರೈಲು ನಮ್ಮ ತುಮಕೂರಿನ ಮೇಲೆಯೇ ಹುಬ್ಬಳ್ಳಿ, ಲೋಂಡಾ ದಾಟಿ ಮಡಗಾಂವ್‌ಗೆ ಹೋಗುತ್ತದೆ. ಸ್ಲೀಪರ್ ಟಿಕೆಟ್ ಸಾಕು. ಕಲಂಗೂಟ್, ಬಾಗಾ ಕಡೆ ಗದ್ದಲವೂ ಜಾಸ್ತಿ, ಬೆಲೆಯೂ ಜಾಸ್ತಿ. ಆದ್ದರಿಂದ ದಕ್ಷಿಣ ಗೋವಾದ ಬೆನೌಲಿಂ ಹತ್ತಿರ, ರೆಸಾರ್ಟ್ ಬಿಟ್ಟು, ಯಾರದಾದರೂ ಮನೆಯ ಬಾಡಿಗೆ ಕೋಣೆ ಹಿಡಿಯಿರಿ.

ಅಲ್ಲಿ ಬೆಳಿಗ್ಗೆ ಬೇಗ ಏಳಿ. ಪೊಂ ಪೊಂ ಎಂದು ಹಾರ್ನ್ ಒತ್ತುತ್ತಾ ಬ್ರೆಡ್ ಮಾರುವ ಪೊದೆರ್ ಸೈಕಲ್‌ನಲ್ಲಿ ಬರುತ್ತಾನೆ. ಬುಟ್ಟಿಯ ಬಟ್ಟೆ ಸರಿಸಿದರೆ ಹೊಟ್ಟು ಅಂಟಿದ, ಇನ್ನೂ ಬೆಚ್ಚಗಿರುವ ಪೊಯ್ ಎಂಬ ಬ್ರೆಡ್. ಅದಕ್ಕೆ ಚಿಕ್ಕ ಹೋಟೆಲಿನ ಭಾಜಿ, ಅಂದರೆ ಪಲ್ಯ, ಸೇರಿದರೆ ತಿಂಡಿ ಮುಗಿಯಿತು.

ಓಡಾಟಕ್ಕೆ ಗೋವಾದ ಸರ್ಕಾರಿ ಬಸ್ಸಾದ ಕದಂಬ ಬಸ್ಸು. ಆ ಹೆಸರು ಗೋವಾವನ್ನು ಆಳಿದ ಕದಂಬರದ್ದೇ! ಅವರ ಕಾಲದ, 12ನೇ ಶತಮಾನದ ಮಹಾದೇವ ದೇವಾಲಯ ಮೊಲ್ಲೆಂ ಬಳಿಯ ತಾಂಬ್ಡಿ ಸುರ್ಲಾದಲ್ಲಿದೆ. ಕಾಡಿನ ನಡುವೆ, ಕರಿಕಲ್ಲಿನದ್ದು. ಕನ್ನಡಿಗರು ಬೀಚಿಗೆ ಹೋಗಿ ಇದನ್ನು ನೋಡದೆ ವಾಪಸ್ ಬರುವುದು ನನಗೆ ನಿಜಕ್ಕೂ ಬೇಸರದ ಸಂಗತಿ. ಆ ಒಂದು ದಿನಕ್ಕೆ ಸ್ಕೂಟರ್ ಬಾಡಿಗೆ ತಗೊಳ್ಳಿ. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುವುದನ್ನೇ ತಗೊಳ್ಳಿ, ಬಾಡಿಗೆಗೆ ಪರವಾನಗಿ ಇರುವುದು ಅದಕ್ಕೇ.

ಹಳೆ ಗೋವಾದ ಬಾಮ್ ಜೀಸಸ್ ಚರ್ಚಿಗೂ ಅರ್ಧ ದಿನ ಇಡಿ. ಅಲ್ಲಿಂದ ಮಾಂಡೋವಿ ನದಿಯ ಫೆರಿಯಲ್ಲಿ ದಿವಾರ್ ದ್ವೀಪಕ್ಕೆ ಹೋಗಬಹುದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೋಣೆ ಅಗ್ಗ, ಆದರೆ ದಯವಿಟ್ಟು ಸಮುದ್ರಕ್ಕೆ ಇಳಿಯಬೇಡಿ. ಕೆರೆಯಲ್ಲಿ ಈಜು ಕಲಿತ ನಮಗೆ ಆ ಸೆಳೆತದ ಅಂದಾಜು ಇರುವುದಿಲ್ಲ.